ಅಪ್ಪ ಏನನ್ನೂ ಕೆಡಿಸಿಲ್ಲ

ಮಕ್ಕಳು ವಿದೇಶದಲ್ಲಿರುವ ಮನೆಗಳಲ್ಲಿ ಲ್ಯಾಪ್‌ಟಾಪ್ ಈಗ ಮಿಕ್ಸಿ, ಫ್ರಿಜ್‌ನಷ್ಟೇ ಸಾಮಾನ್ಯ ವಸ್ತು. ಮಗನೋ ಮಗಳೋ ರಜೆಗೆ ಬಂದಾಗ ತಂದುಕೊಟ್ಟದ್ದು, ಇಲ್ಲವೇ ತಾವು ಹೊಸದು ಕೊಂಡ ಮೇಲೆ ಹಳೆಯದನ್ನು ಮನೆಯಲ್ಲೇ ಬಿಟ್ಟು ಹೋದದ್ದು. ಮೊಮ್ಮಗುವಿನ ಮುಖ ದೊಡ್ಡದಾಗಿ ಕಾಣುವುದು ಅದರಲ್ಲಿ. ಬ್ಯಾಂಕಿನ ಲೆಕ್ಕ, ವಿಮಾನದ ಟಿಕೆಟ್, ವೀಸಾ ಅರ್ಜಿಯ ಪ್ರತಿ, ಹತ್ತು ವರ್ಷದ ಫೋಟೊಗಳು ಇರುವುದೂ ಅದರಲ್ಲೇ. ಒಂದು ದಿನ ಆ ಪರದೆಯ ಮೇಲೆ ‘ಅಪ್‌ಡೇಟ್ ಆಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂಬ ಅರ್ಥದ ಇಂಗ್ಲಿಷ್ ಸೂಚನೆ ಬರುತ್ತದೆ. ಮತ್ತೆ ಒತ್ತಿದರೆ ಅರ್ಧ ಗಂಟೆ ಚಕ್ರ ತಿರುಗಿ ಅದೇ ಸೂಚನೆ. ಮರುದಿನವೂ ಅದೇ. ವಾರ ಕಳೆಯುವ ಹೊತ್ತಿಗೆ ಮನೆಯವರಿಗೆ ಆ ಯಂತ್ರವನ್ನು ತೆರೆಯಲೇ ಅಂಜಿಕೆ.

ಆಗ ಫೋನ್ ಹೋಗುತ್ತದೆ. ಮೈಸೂರಿನಲ್ಲಿ ರಾತ್ರಿ ಒಂಬತ್ತು ಎಂದರೆ ದುಬೈನಲ್ಲಿ ಏಳೂವರೆ, ಸಿಂಗಪುರದಲ್ಲಿ ಹನ್ನೊಂದೂವರೆ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಆಫೀಸಿನ ಗಡಿಬಿಡಿ. ‘ಅಪ್ಪಾ, ಏನು ಬಂದಿದೆ ಓದಿ ಹೇಳಿ.’ ‘ಏನೋ ನಂಬರ್ ಕಣಮ್ಮ. ಸೊನ್ನೆ, ಆಮೇಲೆ ಇಂಟು ಮಾರ್ಕು, ಆಮೇಲೆ ಎಂಟು...’ ‘ನೀವು ಏನು ಒತ್ತಿದ್ರಿ?’ ‘ನಾನೇನೂ ಒತ್ತಿಲ್ಲ.’ ಇಂಥ ಮಾತುಕತೆ ಎಷ್ಟು ಮನೆಗಳಲ್ಲಿ ನಡೆದಿದೆಯೋ! ಹತ್ತು ನಿಮಿಷದಲ್ಲಿ ಇಬ್ಬರ ದನಿಯೂ ಏರುತ್ತದೆ. ಫೋನ್ ಇಟ್ಟ ಮೇಲೆ ಅಲ್ಲಿ ಮಗಳಿಗೆ ರೇಗಿದ್ದಕ್ಕೆ ಬೇಸರ, ಇಲ್ಲಿ ಅಪ್ಪನಿಗೆ ತಾನೇ ಏನೋ ಕೆಡಿಸಿದೆ ಎಂಬ ಸಂಕೋಚ. ಮುಂದೆ ಯಂತ್ರ ತೊಂದರೆ ಕೊಟ್ಟರೂ ಅವರು ಹೇಳುವುದಿಲ್ಲ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ.

ಪದೇ ಪದೇ ಸೋಲುವ ಅಪ್‌ಡೇಟಿಗೆ ಕಾರಣ ಬಹುಪಾಲು ಯಂತ್ರದ ಒಳಗೇ ಇರುತ್ತದೆ. ಅದನ್ನು ಬಳಸುವ ಹಿರಿಯರ ಬೆರಳಿನ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಕಾರಣ ತಿಳಿಯದೆ ನೂರು ಸಲ ಗುಂಡಿ ಒತ್ತಿದರೂ ಫಲವಿಲ್ಲ. ಕಾರಣ ತಿಳಿದ ಮೇಲೆ, ಯಾವ ಕೆಲಸ ಫೋನಿನಲ್ಲಿ ಹೇಳಿ ಮಾಡಿಸಬಹುದು, ಯಾವುದನ್ನು ಖಂಡಿತ ಮಾಡಿಸಬಾರದು ಎಂಬುದನ್ನು ಪ್ರತಿ ಮನೆಯೂ ಮೊದಲೇ ನಿರ್ಧರಿಸಿಕೊಳ್ಳಬೇಕು. ಈ ಮಾತಿಗೆ 2024ರಲ್ಲಿ ನಡೆದ ಒಂದು ಪ್ರಸಂಗವೇ ಸಾಕ್ಷಿ.

ಕಾಣದ ಕೋಣೆಯ ಕಥೆ

2024ರ ಜನವರಿ 9ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೆಬಿ5034441 ಎಂಬ ಭದ್ರತಾ ಅಪ್‌ಡೇಟ್ ಬಿಡುಗಡೆ ಮಾಡಿತು. ಅನೇಕ ದೇಶಗಳ ಮನೆಬಳಕೆ ಕಂಪ್ಯೂಟರ್‌ಗಳಲ್ಲಿ ಅದು ಇನ್‌ಸ್ಟಾಲ್ ಆಗಲೇ ಇಲ್ಲ. ಬಂದದ್ದು ಒಂದೇ ಉತ್ತರ: 80070643 ಎಂಬ ಸಂಖ್ಯೆ. ಅದರ ಅರ್ಥ ‘ಇನ್‌ಸ್ಟಾಲ್ ಆಗಲಿಲ್ಲ’ ಎಂದಷ್ಟೇ. ಆಗಲಿಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು; ಯಾಕೆ ಆಗಲಿಲ್ಲ ಎಂಬುದನ್ನು ಅದು ಹೇಳಲಿಲ್ಲ.

ಕಾರಣ ಇದ್ದದ್ದು ಡಿಸ್ಕಿನ ಒಂದು ಮೂಲೆಯಲ್ಲಿ. ನಮಗೆ ಕಾಣುವ ಸಿ ಡ್ರೈವ್, ಡಿ ಡ್ರೈವ್ ಜೊತೆಗೆ ಕಣ್ಣಿಗೆ ಬೀಳದ ಚಿಕ್ಕ ಕೋಣೆಯೊಂದು ಅಲ್ಲಿರುತ್ತದೆ. ಅದರ ಹೆಸರು ರಿಕವರಿ ಪಾರ್ಟಿಷನ್. ವಿಂಡೋಸ್ ಕೆಟ್ಟು ನಿಂತರೆ ಅದನ್ನು ಸರಿಪಡಿಸುವ ಸಲಕರಣೆಗಳು ಇರುವ ಜಾಗ ಅದು. ಈ ಅಪ್‌ಡೇಟಿಗೆ ಆ ಕೋಣೆಯಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಬಹಳಷ್ಟು ಯಂತ್ರಗಳಲ್ಲಿ ಅಷ್ಟು ಜಾಗ ಇರಲಿಲ್ಲ. ಸಿ ಡ್ರೈವ್‌ನಲ್ಲಿ ನೂರು ಜಿಬಿ ಖಾಲಿ ಬಿದ್ದಿದ್ದರೂ ಉಪಯೋಗಕ್ಕೆ ಬಾರದು. ನಡುಮನೆ ಎಷ್ಟು ದೊಡ್ಡದಿದ್ದರೇನು, ಚೀಲ ಇಡಬೇಕಾದದ್ದು ಉಗ್ರಾಣದಲ್ಲಿ ತಾನೆ!

ಆ ಕೋಣೆಯ ಅಳತೆಯನ್ನು ನಿರ್ಧರಿಸಿದವರು ಯಾರು? ವಿಂಡೋಸ್ ಹಾಕುವಾಗ ಆ ತಂತ್ರಾಂಶವೋ, ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯೋ. ಮನೆಯವರಂತೂ ಅಲ್ಲ. ಜಾಗ ಸಾಲದು ಎಂದು ಹೇಳಬೇಕಿದ್ದ ಸಂದೇಶದ ಬದಲು ಬೇರೆ ಸಂದೇಶ ಬರುತ್ತಿದೆ ಎಂದು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತು. ಹಾಗಾದರೆ ಪರಿಹಾರ? ಕಪ್ಪು ಪರದೆಯಲ್ಲಿ ಕಮಾಂಡ್‌ಗಳನ್ನು ಟೈಪ್ ಮಾಡಿ, ಸಿ ಡ್ರೈವನ್ನು 250 ಎಂಬಿಯಷ್ಟು ಕುಗ್ಗಿಸಿ, ಹಳೆಯ ರಿಕವರಿ ಪಾರ್ಟಿಷನ್ ಅಳಿಸಿ, ದೊಡ್ಡದೊಂದನ್ನು ಹೊಸದಾಗಿ ಮಾಡಬೇಕು. ಕೆಲವು ತಿಂಗಳ ಬಳಿಕ ಕಂಪನಿ ಇನ್ನೂ ಸ್ಪಷ್ಟವಾಗಿ ಹೇಳಿತು: ಇದಕ್ಕೆ ತಾನೇ ತಾನಾಗಿ ಆಗುವ ಪರಿಹಾರ ಬರುವುದಿಲ್ಲ, ಕೈಯಿಂದಲೇ ಮಾಡಿಕೊಳ್ಳಬೇಕು.

ಒಂದು ಪಾರ್ಟಿಷನ್ ನಂಬರ್ ತಪ್ಪಾದರೆ ಅಳಿಸಿಹೋಗುವುದು ಮನೆಯ ಫೋಟೊಗಳೇ. ಇಂಥ ಕೆಲಸವನ್ನು ಎಪ್ಪತ್ತು ವರ್ಷದವರಿಂದ ಫೋನಿನಲ್ಲಿ ಅಕ್ಷರ ಅಕ್ಷರ ಹೇಳಿಸಿ ಮಾಡಿಸುವುದು ಎಂದರೆ, ವಿದ್ಯುತ್ ಮೀಟರ್ ಬೋರ್ಡಿನ ತಂತಿಯನ್ನು ದೂರದಿಂದ ಹೇಳಿ ಬಿಚ್ಚಿಸಿದ ಹಾಗೆ.

ಇನ್ನೊಂದು ಮುಖ್ಯ ಸಂಗತಿಯಿದೆ. ಆ ಅಪ್‌ಡೇಟ್ ಮುಚ್ಚಲು ಹೊರಟಿದ್ದ ದೋಷ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗಕ್ಕೆ ಸಂಬಂಧಿಸಿದ್ದು. ಅದನ್ನು ದುರುಪಯೋಗ ಮಾಡಬೇಕಾದರೆ ಕಳ್ಳನ ಕೈಗೆ ಲ್ಯಾಪ್‌ಟಾಪೇ ಸಿಗಬೇಕಿತ್ತು. ರಿಕವರಿ ವ್ಯವಸ್ಥೆಯೇ ಇಲ್ಲದ ಯಂತ್ರಗಳಿಗೆ ಈ ಅಪ್‌ಡೇಟ್ ಬೇಕಿಲ್ಲ, ಸೂಚನೆ ಬಂದರೂ ಕಡೆಗಣಿಸಬಹುದು ಎಂದೂ ಕಂಪನಿ ತಿಳಿಸಿತ್ತು. ಅಂದರೆ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಟ್ಟದ್ದು ತಕ್ಷಣದ ಅಪಾಯವೇನೂ ಇಲ್ಲದ ವಿಷಯಕ್ಕೆ. ಅದನ್ನು ಸರಳವಾಗಿ ತಿಳಿಸುವ ಒಂದು ಸಾಲು ಪರದೆಯ ಮೇಲೆ ಬಂದಿದ್ದರೆ ಸಾಕಿತ್ತು.

ಅಪ್ಪ, ಅಮ್ಮ ಮಾಡಬಹುದಾದದ್ದು

ಎಲ್ಲ ಸೋಲೂ ಇಷ್ಟು ಜಟಿಲವಾಗಿರುವುದಿಲ್ಲ. ಮೊದಲು ಆಗಬೇಕಾದದ್ದು ಒಂದು ಫೋಟೊ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ತೆರೆದು ಆ ಪರದೆಯನ್ನು ಮೊಬೈಲಿನಲ್ಲಿ ತೆಗೆದು ಮಕ್ಕಳಿಗೆ ಕಳಿಸಿ. ಸಂಖ್ಯೆ ಓದಿ ಹೇಳುವ ಪರದಾಟ ತಪ್ಪುತ್ತದೆ. ಸೋಲುತ್ತಿರುವುದು ಒಂದೇ ಅಪ್‌ಡೇಟೋ, ಎಲ್ಲವೂ ಸೋಲುತ್ತಿವೆಯೋ ಎಂಬುದು ಅದರಲ್ಲಿ ತಿಳಿಯುತ್ತದೆ. ಪ್ರತಿ ತಿಂಗಳ ಮುಖ್ಯ ಅಪ್‌ಡೇಟ್ ಸರಿಯಾಗಿ ಆಗುತ್ತಿದ್ದು, ಯಾವುದೋ ಒಂದು ಮಾತ್ರ ಹಟ ಹಿಡಿದಿದ್ದರೆ ಅವಸರ ಬೇಡ. ಎಲ್ಲವೂ ಸೋಲುತ್ತಿದ್ದರೆ ಗಮನ ಕೊಡಲೇಬೇಕು.

ಎರಡನೆಯದು ರೀಸ್ಟಾರ್ಟ್. ನಮ್ಮ ಹಿರಿಯರು ಬಹುತೇಕ ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಎದ್ದುಬಿಡುತ್ತಾರೆ, ಇಲ್ಲವೇ ಶಟ್‌ಡೌನ್ ಮಾಡುತ್ತಾರೆ. ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದಿದ್ದಾಗ ಶಟ್‌ಡೌನ್ ಮಾಡಿದರೂ ಯಂತ್ರ ಪೂರ್ತಿ ಹೊಸದಾಗಿ ಏಳುವುದಿಲ್ಲ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಪೂರ್ತಿ ಏಳುತ್ತದೆ. ಇಷ್ಟರಿಂದಲೇ ಸರಿಹೋಗುವ ಅಪ್‌ಡೇಟುಗಳು ಬೇಕಾದಷ್ಟಿವೆ.

ಮೂರನೆಯದು ಕರೆಂಟು. ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಊರುಗಳಲ್ಲಿ, ಹಳೆಯ ಬ್ಯಾಟರಿ ಹತ್ತು ನಿಮಿಷವೂ ನಿಲ್ಲದ ಲ್ಯಾಪ್‌ಟಾಪಿನಲ್ಲಿ ಅಪ್‌ಡೇಟ್ ನಡುವೆಯೇ ನಿಂತುಹೋಗುತ್ತದೆ. ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿ. ಇಲ್ಲದಿದ್ದರೆ ಕರೆಂಟ್ ಇರುವ ಭರವಸೆಯ ಹೊತ್ತು ನೋಡಿ ಶುರುಮಾಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಇನ್ನೊಂದು ವಿಷಯ ನೋಡಬೇಕು. ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತು ಮಾಡಿದ್ದರೆ ಡೇಟಾ ಉಳಿಸಲೆಂದು ಬಹಳಷ್ಟು ಅಪ್‌ಡೇಟುಗಳು ಇಳಿಯುವುದೇ ಇಲ್ಲ.

ನಾಲ್ಕನೆಯದು ದಿನಾಂಕ. ಹಳೆಯ ಯಂತ್ರದಲ್ಲಿ ಗಡಿಯಾರದ ಪುಟ್ಟ ಬ್ಯಾಟರಿ ಸತ್ತರೆ ತಾರೀಖು ಐದಾರು ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದರೆ ಕಂಪನಿಯ ಸರ್ವರ್ ಜೊತೆ ಸುರಕ್ಷಿತ ಸಂಪರ್ಕವೇ ಏರ್ಪಡುವುದಿಲ್ಲ. ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್ ಜೊತೆ ಹೋಲಿಸಿ ನೋಡುವುದು ಯಾರಿಗೂ ಕಷ್ಟವಲ್ಲ.

ಐದನೆಯದು ಜಾಗ. ಸಿ ಡ್ರೈವ್ ಕೆಂಪಗೆ ಕಾಣುತ್ತಿದ್ದರೆ ಅದೇ ಕಾರಣ ಎಂದುಕೊಳ್ಳಿ. ರಿಸೈಕಲ್ ಬಿನ್ ಖಾಲಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುವ ಹಳೆಯ ಸಿನಿಮಾ, ಮದುವೆ ವಿಡಿಯೊಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ. ಕಡಿಮೆ ಬೆಲೆಗೆ ಸಿಗುತ್ತಿದ್ದ 32 ಜಿಬಿ ಸಂಗ್ರಹದ ಪುಟ್ಟ ಲ್ಯಾಪ್‌ಟಾಪುಗಳಲ್ಲಿ ದೊಡ್ಡ ಅಪ್‌ಡೇಟಿಗೆ ಜಾಗ ಹೊಂದಿಸುವುದೇ ಕಷ್ಟ. ಆ ಯಂತ್ರಕ್ಕೆ ಅದರ ಮಿತಿಯಿದೆ, ಅಮ್ಮನ ಬಳಕೆಯಿಂದ ಆದದ್ದಲ್ಲ. ಪೆನ್‌ಡ್ರೈವ್, ಪ್ರಿಂಟರ್ ಸಿಕ್ಕಿಸಿದ್ದರೆ ತೆಗೆದು ಮತ್ತೊಮ್ಮೆ ಪ್ರಯತ್ನಿಸಿ. ಮನೆಯವರ ಪಾಲಿನ ಕೆಲಸ ಇಲ್ಲಿಗೆ ಮುಗಿಯಿತು.

ಮಕ್ಕಳ ಪಾಲು

ಇದರ ನಂತರದ್ದು ಮಕ್ಕಳ ಕೆಲಸ. ವಿಂಡೋಸ್‌ನಲ್ಲೇ ಇರುವ ಟ್ರಬಲ್‌ಶೂಟರ್ ಓಡಿಸುವುದು, ಡಿಸ್ಮ್ ಮತ್ತು ಎಸ್‌ಎಫ್‌ಸಿ ಎಂಬ ಎರಡು ಕಮಾಂಡ್‌ಗಳಿಂದ ಕೆಟ್ಟ ಕಡತಗಳನ್ನು ಸರಿಪಡಿಸುವುದು, ಅರ್ಧಂಬರ್ಧ ಇಳಿದ ಅಪ್‌ಡೇಟ್ ಕಡತಗಳನ್ನು ತೆಗೆದು ಹೊಸದಾಗಿ ಇಳಿಸುವುದು. ಇವನ್ನು ಕ್ವಿಕ್ ಅಸಿಸ್ಟ್‌ನಂಥ ದೂರಸಂಪರ್ಕದ ಸಾಧನದಲ್ಲಿ ಮಕ್ಕಳೇ ಮಾಡಬಹುದು. ಆದರೆ ಭಾನುವಾರ ಬಿಡುವಾಗಿ ಕೂತು ಮಾಡಬೇಕು. ಆಫೀಸಿಗೆ ಹೊರಟ ಕಾರಿನಿಂದ ಹೇಳಿ ಮಾಡಿಸುವ ಕೆಲಸವಲ್ಲ.

ಕಂಪನಿಗಳು ಮಾರಿದ ಹಳೆಯ ಆಫೀಸ್ ಲ್ಯಾಪ್‌ಟಾಪನ್ನು ಊರಿಗೆ ಕೊಟ್ಟವರು ಇನ್ನೊಂದನ್ನು ಗಮನಿಸಬೇಕು. ಅಪ್‌ಡೇಟ್ ಪುಟದಲ್ಲಿ ‘ಕೆಲವು ಸೆಟ್ಟಿಂಗ್‌ಗಳು ನಿಮ್ಮ ಸಂಸ್ಥೆಯ ನಿಯಂತ್ರಣದಲ್ಲಿವೆ’ ಎಂಬರ್ಥದ ಸಾಲು ಇದ್ದರೆ ಹಳೆಯ ಕಂಪನಿಯ ನಿಯಮಗಳು ಇನ್ನೂ ಉಳಿದಿರಬಹುದು. ಮನೆಗೆ ಕೊಡುವ ಮುಂಚೆಯೇ ವಿಂಡೋಸ್ ಹೊಸದಾಗಿ ಹಾಕಿಸಿ ಕೊಡುವುದು ಮರ್ಯಾದೆ.

ಎಲ್ಲಕ್ಕಿಂತ ಮುಖ್ಯವಾದದ್ದು 48 ಅಂಕಿಗಳ ಒಂದು ಸಂಖ್ಯೆ. ಅನೇಕ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಕೆಲವು ಅಪ್‌ಡೇಟ್ ಅಥವಾ ರಿಪೇರಿಯ ನಂತರ ಯಂತ್ರ ‘ರಿಕವರಿ ಕೀ ಕೊಡಿ’ ಎಂದು ನಿಂತುಬಿಡಬಹುದು. ಲ್ಯಾಪ್‌ಟಾಪನ್ನು ಮಗ ತನ್ನ ಮೈಕ್ರೋಸಾಫ್ಟ್ ಖಾತೆಯಿಂದ ಸಿದ್ಧಮಾಡಿ ಕೊಟ್ಟಿದ್ದರೆ ಆ ಕೀ ಇರುವುದು ಅವನ ಖಾತೆಯಲ್ಲಿ, ಜರ್ಮನಿಯಲ್ಲೋ ಕೆನಡಾದಲ್ಲೋ. ಊರಿನಲ್ಲಿ ಯಾವ ರಿಪೇರಿಯವನಿಗೂ ಅದನ್ನು ಊಹಿಸಿ ತೆರೆಯಲಾಗದು. ಆ ಕೀಯನ್ನು ಇವತ್ತೇ ಕಾಗದದ ಮೇಲೆ ಬರೆಸಿ, ಮನೆಪತ್ರ ಇಡುವ ಬೀರುವಿನಲ್ಲಿ ಇಡಿಸಿ.

ಪಾರ್ಟಿಷನ್ ಅಳಿಸುವ, ವಿಂಡೋಸ್ ಮರುಸ್ಥಾಪಿಸುವ ಕೆಲಸವನ್ನು ಮಾತ್ರ ದೂರದಿಂದ ಮಾಡಬಾರದು. ಅದಕ್ಕೆ ಯಂತ್ರದ ಪಕ್ಕದಲ್ಲಿ ಕೂರುವ ತಿಳಿದವರೊಬ್ಬರು ಬೇಕು, ಅದಕ್ಕೂ ಮೊದಲು ಎಲ್ಲ ಕಡತಗಳ ಇನ್ನೊಂದು ಪ್ರತಿ ಬೇಕು. ಪ್ಲಂಬರ್, ಎಲೆಕ್ಟ್ರಿಷಿಯನ್ ಹೆಸರು ಬರೆದಿಟ್ಟಂತೆ ಊರಿನ ನಂಬಿಕಸ್ಥ ಕಂಪ್ಯೂಟರ್ ಅಂಗಡಿಯವರ ಹೆಸರೂ ಅಡುಗೆಮನೆಯ ಗೋಡೆಯ ಮೇಲಿರಲಿ. ಅವರ ಶುಲ್ಕವನ್ನು ಮಕ್ಕಳು ಕಳಿಸಲಿ. ‘ಇಷ್ಟಕ್ಕೆ ದುಡ್ಡು ಕೊಡೋದಾ’ ಎಂದು ಹಿರಿಯರು ಹಿಂಜರಿಯುತ್ತಾರೆ. ಅದು ದಂಡವಲ್ಲ, ಮನೆಯ ನಿರ್ವಹಣೆಯ ಖರ್ಚು ಎಂದು ಅವರಿಗೆ ಬಿಡಿಸಿ ಹೇಳಬೇಕು.

ಅಪ್‌ಡೇಟೇ ಬೇಡ ಎಂದರೆ?

ಬೇಸತ್ತ ಕೆಲವರು ಅಪ್‌ಡೇಟನ್ನೇ ನಿಲ್ಲಿಸಿಬಿಡುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟ ದಿನ ಅದು. ಅವತ್ತು ಪ್ರಯಾಣದಲ್ಲಿದ್ದ ಮಕ್ಕಳ ಸುದ್ದಿಗಾಗಿ ಕಾದ ಮನೆಗಳಿಗೆ ಅದು ನೆನಪಿರುತ್ತದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆ ಹೆಚ್ಚು ಭಾರ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದವು. ಆ ದೋಷವನ್ನು ಮುಚ್ಚುವ ಅಪ್‌ಡೇಟ್ ಅದಕ್ಕೆ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ಯಾಂಕ್ ಪಾಸ್‌ವರ್ಡ್ ಇರುವ ಯಂತ್ರವನ್ನು ಅಪ್‌ಡೇಟ್ ಇಲ್ಲದೆ ಬಳಸುವುದು ಜಾಣತನವಲ್ಲ. ಒಂದೆರಡು ವಾರ ಮುಂದೂಡಬಹುದು, ವರ್ಷಗಟ್ಟಲೆ ಅಲ್ಲ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಘೋಷಿಸಿದೆ. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಜೊತೆಗೆ ಕಂಪನಿ ಒಪ್ಪಿದ ಪ್ರೊಸೆಸರ್ ಬೇಕು. ಇವು ಇಲ್ಲದ ಹಳೆಯ ಲ್ಯಾಪ್‌ಟಾಪ್ ಮೇಲೆ ಹೊಸ ವಿಂಡೋಸ್ ಹೇರಲು ತಿಂಗಳುಗಟ್ಟಲೆ ಒದ್ದಾಡುವುದಕ್ಕಿಂತ, ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನ ಆ್ಯಪ್‌ನಲ್ಲಿ ಒಮ್ಮೆ ಪರೀಕ್ಷಿಸಿ ತೀರ್ಮಾನಿಸುವುದು ಒಳ್ಳೆಯದು. ಮುಂದಿನ ಸಲ ಊರಿಗೆ ಬರುವಾಗ ಚಾಕೊಲೇಟ್ ಡಬ್ಬಿ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಆ ಸಮಯವನ್ನು ಈ ಕೆಲಸಕ್ಕೆ ಎತ್ತಿಡಿ.

ಸಂಕೋಚದ ಬಾಗಿಲಲ್ಲಿ ಕಳ್ಳ

ತಾನೇ ಕೆಡಿಸಿದೆ ಎಂಬ ಸಂಕೋಚ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ಹೇಳದಿದ್ದರೆ ಈ ಮಾತು ಅಪೂರ್ಣ. ಮಗಳಿಗೆ ಹೇಳಲು ಹಿಂಜರಿದ ಹಿರಿಯರು ಇಂಟರ್‌ನೆಟ್‌ನಲ್ಲಿ ಸಹಾಯವಾಣಿ ಹುಡುಕುತ್ತಾರೆ. ಅಲ್ಲಿ ಮೊದಲು ಕಾಣುವ ನಂಬರ್ ವಂಚಕರದ್ದಾಗಿರಬಹುದು. ‘ನಾವು ಮೈಕ್ರೋಸಾಫ್ಟ್‌ನಿಂದ, ನಿಮ್ಮ ಅಪ್‌ಡೇಟ್ ಸರಿಮಾಡಿಕೊಡುತ್ತೇವೆ’ ಎಂದು ಮಾತಿಗಿಳಿದು, ಒಂದು ಆ್ಯಪ್ ಹಾಕಿಸಿ, ಪರದೆಯನ್ನು ತಮ್ಮ ಹತೋಟಿಗೆ ತೆಗೆದುಕೊಂಡು, ಬ್ಯಾಂಕ್ ಖಾತೆ ಬರಿದು ಮಾಡುವುದು ಅವರ ಕಸುಬು. ವಿದೇಶದಿಂದ ಹಣ ಬರುವ ಮನೆ ಎಂದರೆ ಅವರಿಗೆ ಇನ್ನೂ ಆಸೆ.

ಮೈಕ್ರೋಸಾಫ್ಟ್‌ನ ನಿಜವಾದ ದೋಷಸೂಚನೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಅದು ಮೋಸ ಎಂದೇ ತಿಳಿಯಿರಿ. ಮಗ ಅಥವಾ ಮಗಳು ಮೊದಲೇ ಮಾತಾಡಿ ಹೇಳಿದ್ದರೆ ಮಾತ್ರ ಪರದೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಿ. ಆಗಲೂ ಬ್ಯಾಂಕಿನ ಪುಟ ಮುಚ್ಚಿರಲಿ, ಒಟಿಪಿ ಯಾರಿಗೂ ಬೇಡ. ಹಣ ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಕಂಪನಿಗಳ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಅಂಗಡಿಯಲ್ಲಿ ಕೊಂಡ ಯಂತ್ರದ ಡಿಸ್ಕನ್ನು ಮನೆಯವರೇ ಕತ್ತರಿಸಿ ಜೋಡಿಸಬೇಕು ಎಂದು ಹೇಳುವುದು ಸೇವೆಯಲ್ಲ. ಸಂಖ್ಯೆಯ ಬದಲು ‘ಜಾಗ ಸಾಲದು, ನಿಮ್ಮ ಕಡತಗಳಿಗೆ ಅಪಾಯವಿಲ್ಲ, ಅವಸರ ಬೇಡ’ ಎಂದು ಓದುವವರ ಭಾಷೆಯಲ್ಲಿ ಬರೆಯುವುದು ಅಸಾಧ್ಯವಾದ ತಂತ್ರಜ್ಞಾನವೇನಲ್ಲ. ಅಂಥ ತಂತ್ರಾಂಶ ಬರೆಯುವವರ ಸಾಲಿನಲ್ಲಿ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ಸೂಚನೆಯ ಒಂದು ಸಾಲು ಬರೆಯುವಾಗ ಊರಿನಲ್ಲಿ ಅದನ್ನು ಓದುವ ಅಪ್ಪ, ಅಮ್ಮ ಕಣ್ಣ ಮುಂದೆ ಬಂದರೆ ಅರ್ಧ ಕೆಲಸ ಆದಂತೆ.

ಹೊರದೇಶಗಳ ಕನ್ನಡ ಕೂಟಗಳಿಗೂ ಒಂದು ಕೋರಿಕೆ. ಯುಗಾದಿ, ರಾಜ್ಯೋತ್ಸವದ ವೇದಿಕೆ ಚೆನ್ನಾಗಿ ನಡೆಯುತ್ತಿದೆ. ಜೊತೆಗೆ ಊರಿನ ಮನೆಗಳಿಗಾಗಿ ಕನ್ನಡದಲ್ಲಿ ಒಂದೇ ಹಾಳೆಯ ಕೈಪಿಡಿ ಮಾಡಿ ಕಳಿಸಿ: ಯಾವುದಕ್ಕೆ ರೀಸ್ಟಾರ್ಟ್, ಯಾವುದಕ್ಕೆ ಫೋಟೊ, ಯಾವುದಕ್ಕೆ ಅಂಗಡಿಯವರು, ಯಾವುದಕ್ಕೆ 1930. ದೊಡ್ಡ ಅಕ್ಷರದಲ್ಲಿರಲಿ. ಅದರ ಮೊದಲ ಸಾಲಿನಲ್ಲಿ ಬರೆಯಬೇಕಾದ ಮಾತು ಯಾವ ತಂತ್ರಜ್ಞಾನಕ್ಕೂ ಸಂಬಂಧಿಸಿದ್ದಲ್ಲ: ನೀವು ಏನನ್ನೂ ಕೆಡಿಸಿಲ್ಲ, ಯಾವ ಹೊತ್ತಿಗಾದರೂ ನಮಗೆ ಹೇಳಿ.